ಗೋಧಿಯ ಭಂಡಾರವೂ ಟಾನಿಕ್ಕಿನ ಭರವಸೆಯೂ

ಧಾರವಾಡ, ಬೆಳಗಾವಿ, ವಿಜಯಪುರಗಳ ಎರೆಭೂಮಿಯಲ್ಲಿ, ಮಾಗಿಯ ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ ಗೋಧಿಯ ಹೊಲವನ್ನು ಅಡ್ಡ ಹಾಯ್ದು ಬಂದವನ ಧೋತರದ ಅಂಚು ಕೆಲವು ವರ್ಷ ಕಾವಿಯ ಬಣ್ಣಕ್ಕೆ ತಿರುಗಿರುತ್ತದೆ. ಎಲೆಯೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆದರೆ, ಜಾತ್ರೆಯಲ್ಲಿ ಭಂಡಾರ ಮುಟ್ಟಿದ ಕೈಗೆ ಹತ್ತುವಂತೆ ನುಣುಪಾದ ಹುಡಿ ಹತ್ತುತ್ತದೆ. ತುಕ್ಕು ರೋಗಕ್ಕೆ ನಮ್ಮ ಸೀಮೆಯಲ್ಲಿ ಭಂಡಾರ ರೋಗವೆಂಬ ಹೆಸರು ನಿಂತದ್ದು ಹೀಗೆ. ನೋಟಕ್ಕೆ ಮಂಗಳದ್ರವ್ಯದಂತಿರುವ ಆ ಹುಡಿಯ ಒಂದೊಂದು ಕಣವೂ ಶಿಲೀಂಧ್ರದ ಒಂದೊಂದು ಬೀಜಾಣು.

ಭಂಡಾರ ಕಂಡ ರೈತನು ಪೇಟೆಗೆ ಹೋಗಿ ‘ಎಣ್ಣಿ ಕೊಡ್ರಿ’ ಎಂದು ಕೇಳುತ್ತಾನೆ. ಕೈಗೆ ಬರುವವು ಅನೇಕ ವೇಳೆ ಎರಡು ಸೀಸೆಗಳು. ಒಂದು ಶಿಲೀಂಧ್ರನಾಶಕ, ಇನ್ನೊಂದು, ಪುಸ್ತಕದ ಭಾಷೆಯಲ್ಲಿ ಜೈವಿಕ ಪ್ರಚೋದಕವೆಂದೂ ರೂಢಿಯಲ್ಲಿ ಟಾನಿಕ್ಕೆಂದೂ ಕರೆಯಿಸಿಕೊಳ್ಳುವ ದ್ರವ: ಕಡಲಪಾಚಿಯ ಸಾರವೋ, ಹ್ಯೂಮಿಕ್ ಆಮ್ಲವೋ, ಅಮೈನೋ ಆಮ್ಲಗಳ ಮಿಶ್ರಣವೋ. ಎರಡಕ್ಕೂ ಎಣ್ಣಿಯೆಂಬ ಒಂದೇ ಹೆಸರು, ಎರಡಕ್ಕೂ ಒಂದೇ ಪಂಪು; ಆದಕಾರಣ ಎರಡರ ಕೆಲಸವೂ ಒಂದೇ ಎಂಬ ಭಾವನೆ ಬೇರೂರಿದೆ. ಟಾನಿಕ್ಕು ಹೊಡೆದರೆ ರೋಗ ಹೋಗುತ್ತದೆಂಬ ನಂಬಿಕೆಗೆ ಮೂಲ ಈ ಹೆಸರಿನ ಗೊಂದಲವೇ ಎಂದು ನನಗೆ ತೋರುತ್ತದೆ.

ಸತ್ಯವು ಬೇರೆ. ಪ್ರೊಪಿಕೊನಜೋಲಿನಂತಹ ಶಿಲೀಂಧ್ರನಾಶಕವು ಎಲೆಯೊಳಗೆ ಹೊಕ್ಕು, ಶಿಲೀಂಧ್ರದ ಜೀವಕೋಶದ ಪೊರೆಗೆ ಅತ್ಯವಶ್ಯವಾದ ಎರ್ಗೋಸ್ಟೆರಾಲ್ ಎಂಬ ದ್ರವ್ಯದ ಉತ್ಪತ್ತಿಯನ್ನೇ ತಡೆದು ಅದರ ಬೆಳವಣಿಗೆಯನ್ನು ಮುರಿಯುತ್ತದೆ. ಪ್ರಚೋದಕವು ಶಿಲೀಂಧ್ರದ ತಂಟೆಗೆ ಹೋಗುವುದಿಲ್ಲ. ಅದರ ಮಾತೆಲ್ಲ ಸಸ್ಯದೊಡನೆ. ಬೇರಿನ ಹರವು, ಪೋಷಕಾಂಶಗಳ ಹೀರಿಕೆ, ಬಿಸಿಲು ಬರಗಳ ಸಹನೆ ಇವು ಅದರ ಕ್ಷೇತ್ರ. ಕಾನೂನೂ ಈ ಭೇದವನ್ನು ಸ್ಪಷ್ಟವಾಗಿ ಒಪ್ಪಿದೆ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ 2021ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯಿಂದ ಪ್ರಚೋದಕಗಳು ಭಾರತದಲ್ಲಿ ಗೊಬ್ಬರದ ಕಾನೂನಿನ ಕೆಳಗೆ ಬಂದವು. 1968ರ ಕೀಟನಾಶಕ ಕಾಯಿದೆಗೆ ಒಳಪಟ್ಟ ವಸ್ತುಗಳನ್ನು ಪ್ರಚೋದಕದ ವ್ಯಾಖ್ಯೆಯಿಂದಲೇ ಹೊರಗಿರಿಸಲಾಯಿತು. ಯುರೋಪಿನ 2019ರ ಶಾಸನವಂತೂ ಪ್ರಚೋದಕದಿಂದ ಹೆಚ್ಚಬಹುದಾದ ಸಹನಶಕ್ತಿಯನ್ನು ಬರ, ತಾಪ, ಚೌಳು ಮೊದಲಾದ ನಿರ್ಜೀವ ಕಾರಣಗಳ ಬಾಧೆಗೇ ಮಿತಗೊಳಿಸಿದೆ. ರೋಗದ ಮಾತನ್ನು ಅಲ್ಲಿ ಎತ್ತಿಯೇ ಇಲ್ಲ.

ಹಾಗಿದ್ದರೆ ‘ರೋಗನಿರೋಧಕ ಶಕ್ತಿ’ ಎಂಬ ಮಾತು ಬರೀ ಸುಳ್ಳೇ ಎಂದು ಕೇಳಬಹುದು. ಪೂರ್ತಿ ಸುಳ್ಳಲ್ಲ. ಕಂದು ಬಣ್ಣದ ಕಡಲಪಾಚಿಯಲ್ಲಿ ದೊರೆಯುವ ಲ್ಯಾಮಿನಾರಿನ್ ಎಂಬ ಶರ್ಕರವು ಎಲೆಗೆ ತಾಗಿದಾಗ, ವೈರಿ ಬಂದಿತೆಂಬ ಭ್ರಾಂತಿಯಿಂದ ಸಸ್ಯವು ತನ್ನ ರಕ್ಷಣಾವ್ಯವಸ್ಥೆಯನ್ನು ಮುಂಚಿತವಾಗಿಯೇ ಎಚ್ಚರಿಸಿಕೊಳ್ಳುತ್ತದೆ. ಇದು ಪ್ರಯೋಗಸಿದ್ಧ ಸಂಗತಿ. ಆದರೆ ಗಮನಿಸತಕ್ಕ ವಿಷಯವೆಂದರೆ, ಯುರೋಪಿನಲ್ಲಿ ಲ್ಯಾಮಿನಾರಿನ್ನಿಗೆ ಅನುಮತಿ ದೊರೆತದ್ದು ಸಸ್ಯಸಂರಕ್ಷಣೆಯ ಕಾನೂನಿನಲ್ಲಿ. ರೋಗ ತಡೆಯುತ್ತೇನೆಂದು ಹೇಳುವ ವಸ್ತು ಅದಕ್ಕೆ ತಕ್ಕ ಪರೀಕ್ಷೆಯನ್ನೂ ಎದುರಿಸಬೇಕೆಂಬ ನ್ಯಾಯದಿಂದ. ಹೀಗೆ ಎಚ್ಚತ್ತ ಸಸ್ಯವಾದರೂ ರೋಗ ಹಗುರವಾಗಿದ್ದಾಗ ತಡೆದೀತು. ಇಡೀ ಸೀಮೆಗೆ ಭಂಡಾರ ಎದ್ದ ವರ್ಷದಲ್ಲಿ ಅದೊಂದೇ ಸಾಲದು.

ಇಲ್ಲಿಂದ ಹುಟ್ಟಿದ ಇನ್ನೊಂದು ನಂಬಿಕೆ ಹೆಚ್ಚು ಅಪಾಯದ್ದು: ಟಾನಿಕ್ಕು ಬೆರೆಸಿದರೆ ಶಿಲೀಂಧ್ರನಾಶಕವನ್ನು ಅರ್ಧಕ್ಕೆ ಇಳಿಸಬಹುದೆಂಬುದು. ಖರ್ಚಿನ ಭಾರದಲ್ಲಿ ಬೆಂದವನಿಗೆ ಈ ಮಾತು ಎಷ್ಟು ಹಿತವೆಂಬುದನ್ನು ನಾನು ಬಲ್ಲೆ. ಆದ್ದರಿಂದಲೇ ಇದನ್ನು ಬಿಡಿಸಿ ಹೇಳಬೇಕಾಗಿದೆ. ಕಂದು ತುಕ್ಕಿನ ಬೀಜಾಣುವಿಗೆ ಮೊಳೆಯಲು ಬೇಕಾದದ್ದು ಎಲೆಯ ಮೇಲೆ ಕೆಲವು ತಾಸು ನಿಲ್ಲುವ ಇಬ್ಬನಿ ಮತ್ತು 15ರಿಂದ 20 ಡಿಗ್ರಿಯ ಹದವಾದ ತಂಪು, ಅಂದರೆ ನಮ್ಮ ಡಿಸೆಂಬರ್ ಜನವರಿಯ ರಾತ್ರಿ. ಮೊಳೆತ ಎಳೆಯು ಎಲೆಯ ಉಸಿರುರಂಧ್ರದಿಂದ ಒಳಹೊಕ್ಕು, ಅನುಕೂಲ ಹವೆಯಲ್ಲಿ ಏಳರಿಂದ ಹತ್ತು ದಿನದೊಳಗೆ ಹೊಸ ಗುಳ್ಳೆಯಾಗಿ ಒಡೆದು, ಸಾವಿರಾರು ಬೀಜಾಣುಗಳನ್ನು ಗಾಳಿಗೆ ತೂರುತ್ತದೆ. ಅರ್ಧ ಪ್ರಮಾಣದಿಂದ ಬದುಕಿ ಉಳಿದ ಗುಳ್ಳೆಗಳು ಹತ್ತೇ ದಿನದಲ್ಲಿ ಹೊಲವನ್ನು ಮರಳಿ ತುಂಬಬಲ್ಲವು. ಕಾಳು ತುಂಬುವ ಆಹಾರದ ಬಹುಪಾಲು ತೆನೆಯ ಕೆಳಗೇ ಇರುವ ಮೇಲಿನ ಎರಡು ಎಲೆಗಳಿಂದ ಬರತಕ್ಕದ್ದಾದ್ದರಿಂದ, ಅವು ತುಕ್ಕು ಹಿಡಿದಮೇಲೆ ಕಾಳು ಸೊರಗಿ ನಿಂತದ್ದನ್ನು ಯಾವ ಟಾನಿಕ್ಕೂ ಮರಳಿ ತುಂಬಲಾರದು. ಪ್ರೊಪಿಕೊನಜೋಲ್ 25 ಇ.ಸಿ.ಯನ್ನು ಲೀಟರ್ ನೀರಿಗೆ ಒಂದು ಮಿ.ಲೀ.ನಂತೆ, ಮೊದಲ ಗುಳ್ಳೆಗಳು ಕಂಡಾಗಲೇ ಹೊಡೆಯಬೇಕೆಂಬ ಶಿಫಾರಸಿನ ಮರ್ಮ ಇದು.

ರೋಗ ನೆಲದಿಂದಲೇ ಏಳುತ್ತದೆ, ಆದ್ದರಿಂದ ಕೂಳೆ ಸುಟ್ಟು ಮಣ್ಣಿಗೆ ಪ್ರಚೋದಕ ಉಣಿಸಿದರೆ ಮೂಲವೇ ಹೋಯಿತೆಂಬ ಮಾತನ್ನೂ ಕೇಳಿದ್ದೇನೆ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಹಸುರೇ ಆಹಾರ. ಸತ್ತ ಕೂಳೆಯ ಮೇಲೆ ಅದು ಬಾಳಲಾರದು, ಬಯಲುಸೀಮೆಯ ಬೇಸಗೆಯನ್ನೂ ದಾಟಲಾರದು. ಹಾಗಾದರೆ ವರ್ಷವರ್ಷವೂ ಬರುವುದೆಲ್ಲಿಂದ? ಆಗ್ರಾದ ಸಸ್ಯವಿಜ್ಞಾನಿ ಕೆ. ಸಿ. ಮೆಹ್ತಾ ಅವರು ಹಲವು ವರ್ಷ ಈ ಪ್ರಶ್ನೆಯ ಬೆನ್ನು ಹತ್ತಿ, ಬೆಟ್ಟಗಳ ತಂಪಿನಲ್ಲಿ ತುಕ್ಕು ಬೇಸಗೆಯನ್ನು ಕಳೆದು ಅಲ್ಲಿಂದ ಬಯಲಿಗೆ ಇಳಿಯುತ್ತದೆಂದು ತೋರಿಸಿ, 1940ರಲ್ಲಿ ತಮ್ಮ ಮಹಾಪ್ರಬಂಧವನ್ನು ಹೊರತಂದರು. ದಕ್ಷಿಣಕ್ಕೆ ಅದರ ತವರು ನೀಲಗಿರಿ ಮತ್ತು ಪಳನಿಯ ಬೆಟ್ಟಗಳು. ಗಾಳಿಯ ಮೇಲೇರಿ ನೂರಾರು ಮೈಲಿ ಬರುವ ಅತಿಥಿಯನ್ನು ತಡೆಯಲು ನಮ್ಮ ಹೊಲದ ಮಣ್ಣಿಗೆ ಸುರಿದ ದ್ರವದಿಂದ ಸಾಧ್ಯವಿಲ್ಲ. ಗೋಧಿಯ ಇನ್ನೊಂದು ರೋಗವಾದ ಎಲೆ ಅಂಗಮಾರಿಯ ವಿಷಯ ಬೇರೆ. ಅದು ಬೀಜದಲ್ಲಿಯೂ ಬೆಳೆಯ ಕಸದಲ್ಲಿಯೂ ಉಳಿಯಬಲ್ಲುದು.

ನೈಸರ್ಗಿಕವಾದದ್ದನ್ನು ಯಾವುದರ ಜೊತೆಗೆ ಬೆರೆಸಿದರೂ ಬಾಧಕವಿಲ್ಲವೆಂಬುದೂ ಭ್ರಮೆಯೇ. ರೋಗ ತಡೆಯಲೆಂದು ಬೀಜಕ್ಕೆ ಸವರುವ ಟ್ರೈಕೋಡರ್ಮಾ ತಾನೇ ಒಂದು ಶಿಲೀಂಧ್ರ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಲೇಪಿಸಿದ ಬೀಜಕ್ಕೆ ಅದನ್ನೂ ಸವರಿದರೆ, ಹಣ ಕೊಟ್ಟು ತಂದ ಮಿತ್ರನನ್ನು ನಮ್ಮ ಕೈಯಾರೆ ಕೊಂದಂತಾಗುತ್ತದೆ. ಹ್ಯೂಮಿಕ್ ದ್ರವವು ಸುಣ್ಣದಂಶ ಹೆಚ್ಚಿದ ಕೊಳವೆಬಾವಿಯ ನೀರಿನಲ್ಲಿ ಗರಣೆಗಟ್ಟುತ್ತದೆ. ಬೆರೆಸಲೇಬೇಕಾದಲ್ಲಿ, ಹೊಡೆಯುವ ನೀರನ್ನೇ ಗಾಜಿನ ಬಾಟಲಿಯಲ್ಲಿ ತುಂಬಿ, ಅದೇ ಪ್ರಮಾಣದಲ್ಲಿ ಎರಡನ್ನೂ ಹಾಕಿ ಕುಲುಕಿ, ಅರ್ಧ ತಾಸು ಇಟ್ಟು ನೋಡಬೇಕು: ಒಡೆದ ಹಾಲಿನಂತೆ ಹೆಪ್ಪುಗಳೆದ್ದರೆ, ತಳದಲ್ಲಿ ಕೆಸರು ಕೂತರೆ, ಬಾಟಲಿ ಬಿಸಿಯೇರಿದರೆ, ಅವೆರಡನ್ನೂ ಪಂಪಿನಲ್ಲಿ ಒಟ್ಟುಗೂಡಿಸಲಾಗದು.

ಬೆಳೆ ಕಡುಹಸಿರಾಗಿ ಎದ್ದರೆ ಆರೋಗ್ಯವೆಂದು ತಿಳಿಯುವವರಿಗೆ ಒಂದೇ ಮಾತು. ಸಾರಜನಕ ಮಿತಿಮೀರಿ ದಟ್ಟವಾದ ಹೊಲದಲ್ಲಿ ಇಬ್ಬನಿ ತಡವಾಗಿ ಆರುತ್ತದೆ. ಅಂಥ ದಟ್ಟ ಹೊಲವೇ ತುಕ್ಕಿಗೂ ಬೂದಿರೋಗಕ್ಕೂ ಪ್ರಿಯ.

ಇಷ್ಟು ಹೇಳಿದ ಮಾತ್ರಕ್ಕೆ ಪ್ರಚೋದಕವೆಲ್ಲ ಮೋಸವೆಂಬ ತೀರ್ಮಾನಕ್ಕೆ ಹಾರುವುದೂ ನ್ಯಾಯವಲ್ಲ. ಹಿಂಗಾರಿನ ತೇವವನ್ನೇ ನಂಬಿದ ಗೋಧಿಯು ತೆನೆಕಟ್ಟುವಾಗ ಬಿಸಿಲಿಗೆ ಬಾಡುವುದುಂಟು. ಆ ಬಾಧೆಯಲ್ಲಿ ಒಳ್ಳೆಯ ಪ್ರಚೋದಕವು ಆಸರೆಯಾದೀತು. ಆದರೆ ರೋಗಕ್ಕೆ ಮೊದಲ ಕಾವಲು ತಳಿಯೇ. ನಮ್ಮವರು ಜವೆಗೋಧಿಯೆಂದು ಹುಗ್ಗಿಗಾಗಿ ಬೆಳೆದು, ಖಪಲಿಯೆಂದೂ ಕರೆಯುವ ಗೋಧಿಯನ್ನು, ತುಕ್ಕಿನ ಇನ್ನೊಂದು ಬಗೆಯಾದ ಕಪ್ಪು ತುಕ್ಕಿನ ಪ್ರಭೇದಗಳನ್ನು ಗುರುತಿಸಲು ಅಮೆರಿಕದ ವಿಜ್ಞಾನಿಗಳಾದ ಸ್ಟೇಕ್‌ಮನ್ ಮತ್ತು ಲೆವೈನ್ 1922ರಲ್ಲಿ ಆರಿಸಿದ ಹನ್ನೆರಡು ಗೋಧಿಗಳಲ್ಲೊಂದಾಗಿ ಸೇರಿಸಿಕೊಂಡರು. ಎಷ್ಟೋ ಪ್ರಭೇದಗಳನ್ನು ಅದು ತಡೆದು ನಿಂತಿತು. ಅದರಿಂದ ತೆಗೆದ ನಿರೋಧಕ ವಂಶವಾಹಿಗಳು ಇಂದಿಗೂ ತಳಿವಿಜ್ಞಾನಿಗಳ ಬಳಕೆಯಲ್ಲಿವೆ.

ತಾನು ಕೊಂಡ ಟಾನಿಕ್ಕು ಏನು ಮಾಡಿತೆಂಬುದನ್ನು ತಿಳಿಯಬಯಸುವವನು, ಶಿಲೀಂಧ್ರನಾಶಕವನ್ನು ಇಡೀ ಹೊಲಕ್ಕೆ ಹೊಡೆದು, ಟಾನಿಕ್ಕನ್ನು ಮಾತ್ರ ನಡುವಿನ ನಾಲ್ಕು ಸಾಲುಗಳಿಗೆ ಹೊಡೆಯದೆ ಬಿಡಬೇಕು. ಸುಗ್ಗಿಯಲ್ಲಿ ಆ ಸಾಲುಗಳನ್ನು ಬೇರೆಯಾಗಿ ಕೊಯ್ದು ಬಡಿದು, ಎರಡು ರಾಶಿಗಳಿಂದಲೂ ಸಾವಿರ ಸಾವಿರ ಕಾಳು ಎಣಿಸಿ ಅಕ್ಕಸಾಲಿಗನ ತಕ್ಕಡಿಯಲ್ಲಿಟ್ಟು ತೂಗಿಸಬೇಕು.