ಕೋಲಿನ ತೂಕ ಎಲ್ಲಿ ಕುಳಿತಿದೆ?

ಆಟದ ಸಾಮಾನಿನ ಅಂಗಡಿಗೆ ಹಾಕಿ ಕೋಲು ಕೊಳ್ಳಲು ಬಂದ ಪಳಗಿದ ಆಟಗಾರನನ್ನು ಗಮನಿಸಿ. ಕೋಲಿಗೆ ಅಂಟಿಸಿದ ಚೀಟಿಯನ್ನು ಆತ ಒಮ್ಮೆ ಓದಿ ಬಿಟ್ಟುಬಿಡುತ್ತಾನೆ. ಎಡಗೈಯನ್ನು ಹಿಡಿಯ ತುದಿಯಲ್ಲಿ, ಬಲಗೈಯನ್ನು ಅದರ ಕೆಳಗೆ ಇಟ್ಟು, ಇಲ್ಲದ ಚೆಂಡನ್ನು ನೆಲದ ಮೇಲೆ ಅತ್ತಿಂದಿತ್ತ ಎಳೆದಾಡುತ್ತಾನೆ. ‘ಇದು ಭಾರ’ ಎಂದು ಒಂದನ್ನು ಬದಿಗಿಡುತ್ತಾನೆ. ಇನ್ನೊಂದನ್ನು ಎತ್ತಿ ‘ಇದು ಹಗುರ, ಇದೇ ಇರಲಿ’ ಎನ್ನುತ್ತಾನೆ. ಎರಡನ್ನೂ ತಕ್ಕಡಿಗೆ ಹಾಕಿದರೆ ತೂಕ ಒಂದೇ! ಕೆಲವೊಮ್ಮೆ ಆತ ಹಗುರವೆಂದ ಕೋಲೇ ಹತ್ತಿಪ್ಪತ್ತು ಗ್ರಾಂ ಹೆಚ್ಚು ತೂಗುವುದೂ ಉಂಟು.

ಇಲ್ಲಿ ತಕ್ಕಡಿ ಸುಳ್ಳು ಹೇಳಿಲ್ಲ, ಕೈಯೂ ಹೇಳಿಲ್ಲ. ತಕ್ಕಡಿಗೆ ಗೊತ್ತಾಗುವುದು ಒಟ್ಟು ತೂಕ ಮಾತ್ರ. ಆ ತೂಕ ಕೋಲಿನ ಯಾವ ಭಾಗದಲ್ಲಿ ಕುಳಿತಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಹಾಕಿ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಶಾಲೆಯ ಮೈದಾನಗಳಲ್ಲಿ ಇದನ್ನು ಮರೆತು, ‘ಹುಡುಗನಿಗೆ ಮಣಿಕಟ್ಟಿನಲ್ಲಿ ಬಲವಿಲ್ಲ’ ಎಂದು ತೀರ್ಪು ಕೊಡುವುದು ಸುಲಭ. ಹಲವು ಸಲ ದೋಷ ಇರುವುದು ಹುಡುಗನ ಮಣಿಕಟ್ಟಿನಲ್ಲಲ್ಲ, ಅವನ ಕೈಗೆ ಕೊಟ್ಟ ಕೋಲಿನಲ್ಲಿ.

ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಸುತ್ತಿಗೆ ತೆಗೆದುಕೊಳ್ಳಿ. ಕಾವಿನ ತುದಿಯನ್ನು ಹಿಡಿದು ಅತ್ತಿತ್ತ ಬೀಸಿ. ಈಗ ತಿರುಗಿಸಿ, ಕಬ್ಬಿಣದ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಬೀಸಿ. ಅದೇ ಸುತ್ತಿಗೆ, ಅದೇ ತೂಕ. ಆದರೆ ಎರಡನೆಯ ಸಲ ಅದು ಆಟಿಕೆಯಂತೆ ಆಡುತ್ತದೆ. ಬೀಸುವಾಗ ಕೈಗೆ ಎದುರಾಗುವ ಜಡತ್ವ, ಕೈಯಿಂದ ಭಾರಕ್ಕಿರುವ ದೂರದ ವರ್ಗದಂತೆ ಏರುತ್ತದೆ. ದೂರ ಎರಡು ಪಟ್ಟಾದರೆ ಜಡತ್ವ ನಾಲ್ಕು ಪಟ್ಟು. ಹಾಕಿ ಕೋಲಿನಲ್ಲಿ ಕೈಯಿಂದ 85 ಸೆಂ.ಮೀ. ಕೆಳಗೆ, ಅಂದರೆ ಕೊಕ್ಕೆಯ ಬಳಿ, 30 ಗ್ರಾಂ ಸೇರಿಸಿದರೆ ಆಗುವ ಪರಿಣಾಮ, ಕೈಯಿಂದ 10 ಸೆಂ.ಮೀ. ಕೆಳಗೆ ಅಷ್ಟೇ ತೂಕ ಸೇರಿಸಿದಾಗ ಆಗುವುದಕ್ಕಿಂತ 72 ಪಟ್ಟು ಹೆಚ್ಚು. ಚೀಟಿಯಲ್ಲಿ ಬರೆದ ತೂಕವನ್ನು ಪಳಗಿದ ಆಟಗಾರ ಅಷ್ಟಾಗಿ ಲೆಕ್ಕಿಸದಿರುವುದು ಇದಕ್ಕೇ.

ಇನ್ನು ಸಮತೋಲನದ ಬಿಂದು. ಪೊರಕೆಯನ್ನು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿದಂತೆ ಹಾಕಿ ಕೋಲನ್ನೂ ನಿಲ್ಲಿಸಬಹುದು. ಅದು ಎತ್ತಲೂ ವಾಲದೆ ನಿಲ್ಲುವ ಜಾಗವೇ ಸಮತೋಲನ ಬಿಂದು. ಒಂದು ಕೋಲಿನ ತೂಕ 540 ಗ್ರಾಂ, ಆ ಬಿಂದು ಕೆಳತುದಿಯಿಂದ 38 ಸೆಂ.ಮೀ. ಮೇಲಿದೆ ಎಂದುಕೊಳ್ಳೋಣ. ಹಿಡಿಗೆ 30 ಗ್ರಾಂ ತೂಗುವ ಇನ್ನೊಂದು ಗ್ರಿಪ್ ಸುತ್ತಿದರೆ ಒಟ್ಟು 570 ಗ್ರಾಂ ಆಗುತ್ತದೆ. ಬಿಂದು 40 ಸೆಂ.ಮೀ.ಗೂ ತುಸು ಮೇಲಕ್ಕೆ ಸರಿಯುತ್ತದೆ. ಕೋಲು ಭಾರವಾಯಿತು, ಆದರೆ ಎತ್ತಿ ನೋಡಿದವರು ‘ಹಗುರವಾಯಿತು’ ಎನ್ನುತ್ತಾರೆ. ಚೆಂಡನ್ನು ಒಯ್ಯುವಾಗ ಬಲಗೈ ಕೋಲಿನ ನಡುವಿನತ್ತ ಇಳಿದಿರುತ್ತದೆ. ಆ ಬಲಗೈಯೇ ಏತದ ಕಂಬದಂತೆ. ಅದರ ಮೇಲಿನ ಭಾಗಕ್ಕೆ ಭಾರ ಬಿದ್ದರೆ ಕೆಳಗಿನ ಕೊಕ್ಕೆ ತಾನೇ ಎದ್ದಂತೆ ತೋರುತ್ತದೆ.

ಆದರೆ ಎರಡೂ ಕೈಗಳನ್ನು ಹಿಡಿಯ ತುದಿಗೆ ಒಯ್ದು ಬಲವಾಗಿ ಹೊಡೆಯುವಾಗ ಈ ಉಪಾಯ ಕೈಕೊಡುತ್ತದೆ. ಕೊಕ್ಕೆಯ ಭಾರ ಇದ್ದಷ್ಟೇ ಇರುತ್ತದೆ; ಬೀಸಲು ಬೇಕಾದ ಶ್ರಮವೂ ಅಷ್ಟೇ. ಗ್ರಿಪ್ ಸುತ್ತುವ ಚಿಕಿತ್ಸೆ ಅರ್ಧ ಔಷಧ, ಅರ್ಧ ಸಮಾಧಾನ ಎನ್ನಬೇಕು.

ಕೊಕ್ಕೆಯಲ್ಲಿ ಭಾರವಿರುವುದು ಕೆಟ್ಟದ್ದೆಂದು ತಿಳಿಯಬಾರದು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಅದಕ್ಕೆ ತಗಲುವ ಕೊಕ್ಕೆ ಭಾರವಿದ್ದಷ್ಟೂ, ಬೀಸಿನ ವೇಗ ಅಷ್ಟೇ ಇದ್ದರೆ, ಚೆಂಡು ಜೋರಾಗಿ ಹೋಗುತ್ತದೆ. ತೊಡಕಿರುವುದು ‘ಅಷ್ಟೇ ಇದ್ದರೆ’ ಎಂಬಲ್ಲಿ. ಭಾರ ಹೆಚ್ಚಿದಂತೆ ಬೀಸಿನ ವೇಗ ಕುಗ್ಗುತ್ತದೆ. ದೂರಕ್ಕೆ ಹೊಡೆಯಬೇಕಾದ ರಕ್ಷಣಾ ಆಟಗಾರರು ಒಂದಿಷ್ಟು ಭಾರದ ಕೋಲನ್ನೂ, ಇಕ್ಕಟ್ಟಿನಲ್ಲಿ ಚೆಂಡು ತಿರುಗಿಸಬೇಕಾದ ಮುಂಪಡೆಯವರು ಹಗುರವಾದದ್ದನ್ನೂ ಬಯಸುವುದು ವಾಡಿಕೆ.

ರೇಷ್ಮೆ ಹುಳುವಿನ ಮರ

ನಮ್ಮ ರಾಮನಗರ, ಕೋಲಾರದ ಕಡೆಯವರಿಗೆ ಹಿಪ್ಪುನೇರಳೆ ಎಂದರೆ ರೇಷ್ಮೆ ಹುಳುವಿನ ಮೇವು. ಉತ್ತರ ಭಾರತದಲ್ಲಿ ಅದೇ ಜಾತಿಯ ಮರ ದೊಡ್ಡದಾಗಿ ಬೆಳೆದು ಹಾಕಿ ಕೋಲಾಯಿತು. ಇಂಗ್ಲಿಷರು ತಮ್ಮ ನಾಡಿನ ಆಶ್ ಮರದಿಂದ ಕೋಲು ಮಾಡುತ್ತಿದ್ದರು. ಅದರ ಕೊಕ್ಕೆ ಉದ್ದವಾಗಿ ಚಾಚಿಕೊಂಡಿರುತ್ತಿತ್ತು. ಹಿಪ್ಪುನೇರಳೆಯ ನಾರು ಬಿಗಿಯಾದ ಬಾಗನ್ನು ತಾಳಬಲ್ಲದು. ಆದ್ದರಿಂದ ಕೊಕ್ಕೆಯನ್ನು ಗಿಡ್ಡವಾಗಿ ಬಾಗಿಸಲು ಸಾಧ್ಯವಾಯಿತು. ಹಿಡಿಗೆ ಬೆತ್ತ, ಬೆತ್ತದ ಸೀಳುಗಳ ನಡುವೆ ಪೆಟ್ಟನ್ನು ಹೀರಲು ರಬ್ಬರ್. ಈ ಕಸುಬಿನ ತವರು ಸಿಯಾಲ್‌ಕೋಟ್. 1947ರ ದೇಶ ವಿಭಜನೆಯಲ್ಲಿ ಅಲ್ಲಿನ ಅನೇಕ ಕುಶಲಕರ್ಮಿಗಳು ಗಡಿ ದಾಟಿ ಬಂದು ಜಲಂಧರ್ ಮತ್ತು ಮೀರತ್‌ಗಳಲ್ಲಿ ನೆಲೆಯೂರಿದರು.

ಗಿಡ್ಡ ಕೊಕ್ಕೆಯ ಲಾಭವೇನು? ಹಾಕಿಯಲ್ಲಿ ಕೋಲಿನ ಚಪ್ಪಟೆ ಮುಖದಿಂದಷ್ಟೇ ಚೆಂಡು ಆಡಬೇಕು; ಉಬ್ಬಿದ ಬೆನ್ನನ್ನು ತಾಗಿಸಿದರೆ ತಪ್ಪು. ಬಲಕ್ಕಿದ್ದ ಚೆಂಡು ಎಡಕ್ಕೆ ಹೋದಾಗ ಅದನ್ನು ಮರಳಿ ತರಲು ಕೋಲನ್ನು ಮಗುಚಲೇಬೇಕು. ಕ್ಷಣಕ್ಕೊಮ್ಮೆ ಹೀಗೆ ಮಗುಚುವಾಗ ಕೋಲು ತನ್ನದೇ ಉದ್ದದ ಸುತ್ತ ತಿರುಗುತ್ತದೆ. ಉದ್ದ ಕೊಕ್ಕೆಯ ಭಾರ ಹಿಡಿಯ ನೇರದಿಂದ ದೂರ ಚಾಚಿರುವುದರಿಂದ ತಿರುಗಲು ತಡೆಯೊಡ್ಡುತ್ತದೆ. ಗಿಡ್ಡ ಕೊಕ್ಕೆ ಬೆರಳ ಸನ್ನೆಗೆ ತಿರುಗುತ್ತದೆ. ಭಾರತೀಯ ಮಣಿಕಟ್ಟಿನ ಮೋಡಿ ಎಂದು ನಾವು ಹೊಗಳುವುದರಲ್ಲಿ ಬಡಗಿಯ ಪಾಲೂ ಇದೆ. ಅದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಧ್ಯಾನ್‌ಚಂದ್ ಅವರ ಕೋಲಿನಲ್ಲಿ ಅಯಸ್ಕಾಂತ ಅಡಗಿದೆಯೆಂದು ಶಂಕಿಸಿ ಹಾಲೆಂಡಿನಲ್ಲಿ ಅದನ್ನು ಮುರಿದು ನೋಡಿದರೆಂಬ ಕಥೆ ಎಲ್ಲರಿಗೂ ಗೊತ್ತು. ಅದು ದಂತಕಥೆ. ಆಗಿನ ಚೆಂಡಿನ ಒಳಗೆ ಬೆಂಡು, ಹೊರಗೆ ಚರ್ಮ; ಅಯಸ್ಕಾಂತ ಇದ್ದಿದ್ದರೂ ಅದು ಹಿಡಿಯುವುದು ಏನನ್ನು? ಆದರೆ 1936ರ ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿದ್ದು ಕಥೆಯಲ್ಲ. ಚೆಂಡು ಕೋಲಿಗೆ ಅಂಟಿದಂತೆ ಕಂಡಿದ್ದಕ್ಕೆ ಕೈಚಳಕದ ಜೊತೆ, ಕೈ ಹೇಳಿದಂತೆ ಕೇಳುವ ಕೋಲೂ ಬೇಕಿತ್ತು.

ಮರದ ಕೋಲನ್ನು ತಿದ್ದುವುದು ಸುಲಭವಾಗಿತ್ತು. ಕೊಕ್ಕೆ ಭಾರವೆನಿಸಿದರೆ ಅದರ ಬೆನ್ನನ್ನು ಗಾಜಿನ ಚೂರಿನಿಂದ ಹೆರೆದು, ಉಪ್ಪು ಕಾಗದದಿಂದ ಉಜ್ಜಿ ನಯ ಮಾಡುವುದು. ಹತ್ತು ಗ್ರಾಂ ಪುಡಿ ಉದುರಿದರೆ ಸಾಕು, ಬೀಸಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಹೆರೆದ ಜಾಗ ನೀರು ಕುಡಿಯದಂತೆ ಅಗಸೆ ಎಣ್ಣೆ ಸವರಬೇಕು. ಇಲ್ಲವಾದರೆ ಮಳೆಗಾಲದ ಒಂದೇ ಪಂದ್ಯದಲ್ಲಿ ಮರ ನೀರು ಹೀರಿ, ಹೆರೆದು ಉಳಿಸಿದ ತೂಕವನ್ನು ಬಡ್ಡಿ ಸಮೇತ ವಾಪಸು ಪಡೆಯುತ್ತದೆ!

1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಭಾರತಕ್ಕೆ ಏಳನೇ ಸ್ಥಾನ. ಸೋಲಿಗೆ ಕಾರಣಗಳು ಹಲವು, ಅವನ್ನೆಲ್ಲ ಹಾಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಕೋಲಿನ ಮಟ್ಟಿಗೆ ಅದು ತಿರುವು. ಹುಲ್ಲಿನ ಮೇಲೆ ಪುಟಿದು ನಿಧಾನವಾಗುತ್ತಿದ್ದ ಚೆಂಡು ಈಗ ನೆಲಕ್ಕಂಟಿ ಹರಿಯತೊಡಗಿತು. ಕೋಲನ್ನು ನೆಲಕ್ಕೆ ಮಲಗಿಸಿ ತಡೆಯುವುದು, ದೂರದ ಬಿರುಸಿನ ಪಾಸ್‌ಗಳು ಹೆಚ್ಚಿದವು. ಚೆಂಡನ್ನು ಕೋಲಿನುದ್ದಕ್ಕೆ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಮುಂದೆ ಗೋಲಿನ ದೊಡ್ಡ ಅಸ್ತ್ರವಾಯಿತು. ಮರದ ಜಾಗಕ್ಕೆ ಕಾರ್ಬನ್ ಮತ್ತು ಗಾಜಿನ ನಾರು ಬಂದವು. ಮರದ ಕಾಲದಲ್ಲಿ 21–22 ಔನ್ಸ್, ಅಂದರೆ 600 ಗ್ರಾಂ ಆಸುಪಾಸಿನ ಕೋಲು ಸಾಮಾನ್ಯವಾಗಿತ್ತು. ಈಗ ವಯಸ್ಕರ ಕೋಲುಗಳು ಬಹುತೇಕ 530–550 ಗ್ರಾಂ.

ಹೊಸ ಕೋಲು ಗಟ್ಟಿ, ನೀರು ಹೀರುವುದಿಲ್ಲ. ಆದರೆ ಅದರ ಸಮತೋಲನ ಕಾರ್ಖಾನೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ಕೊಕ್ಕೆಯನ್ನು ಹೆರೆದರೆ ನಾರಿನ ಪದರವೇ ತುಂಡಾಗಿ ಕೋಲು ಬಿರುಕು ಬಿಡುತ್ತದೆ. ಏಳುವ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಹೀಗಾಗಿ ಆಟಗಾರನ ಪಾಲಿಗೆ ಉಳಿದದ್ದು ಹಿಡಿ ಮಾತ್ರ.

ಇದಕ್ಕೆ ನಿಯಮಗಳೂ ಬೇಲಿ ಹಾಕಿವೆ. ಹಿಂದೆ ಕೋಲಿನ ತೂಕ 12ರಿಂದ 28 ಔನ್ಸ್ ನಡುವೆ ಇರಬೇಕಿತ್ತು. ಈಗ ಗರಿಷ್ಠ ಮಿತಿ 737 ಗ್ರಾಂ. ಸುತ್ತಿದ ಟೇಪು, ಹೊದಿಕೆ ಎಲ್ಲ ಸೇರಿ ಕೋಲು 51 ಮಿ.ಮೀ. ಒಳವ್ಯಾಸದ ಉಂಗುರದಲ್ಲಿ ತೂರಬೇಕು. ಉದ್ದಕ್ಕಿರುವ ಬಿಲ್ಲಿನಂಥ ಬಾಗು 25 ಮಿ.ಮೀ. ಮೀರಬಾರದು, ಆ ಬಾಗಿನ ಅತಿ ಹೆಚ್ಚಿನ ಭಾಗ ಕೆಳತುದಿಯಿಂದ 200 ಮಿ.ಮೀ.ಗಿಂತ ಕೆಳಗಿರಬಾರದು. ಡ್ರ್ಯಾಗ್ ಫ್ಲಿಕ್ ಮಾಡುವವರು ಈ ಕೊನೆಯ ಮಿತಿಯ ಅಂಚಿಗೇ ಬರುವ ಕೋಲನ್ನು ಆರಿಸುತ್ತಾರೆ, ಚೆಂಡು ಬಾಗಿನಲ್ಲಿ ಕುಳಿತು ಹೆಚ್ಚು ಹೊತ್ತು ಜೊತೆಗೆ ಬರಲೆಂದು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಹೆಸರು ಮಾಡಿದ್ದು ಈ ವಿದ್ಯೆಯಲ್ಲೇ. ಮತ್ತೊಂದು ಮುಖ್ಯ ನಿಯಮ: ಕೋಲಿನಲ್ಲಿ ಲೋಹ ಇರಕೂಡದು. ಟೆನಿಸ್ ಆಟಗಾರರು ರ್‍ಯಾಕೆಟ್ಟಿಗೆ ಸೀಸದ ಪಟ್ಟಿ ಅಂಟಿಸಿ ತೂಕ ತಿದ್ದುವುದನ್ನು ನೋಡಿ ಹಾಕಿಯಲ್ಲೂ ಹಾಗೆ ಮಾಡಹೊರಟರೆ ಅಂಪೈರ್ ಕೋಲನ್ನು ಬದಿಗಿಡಿಸುತ್ತಾರೆ.

ಅಣ್ಣನ ಕೋಲು, ತಮ್ಮನ ಕೈ

ಈ ಲೆಕ್ಕವೆಲ್ಲ ನಿಜಕ್ಕೂ ಕೆಲಸಕ್ಕೆ ಬರುವುದು ಮಕ್ಕಳ ವಿಷಯದಲ್ಲಿ. ಅಂತರರಾಷ್ಟ್ರೀಯ ಆಟಗಾರನಿಗೆ ಹತ್ತು ಕೋಲುಗಳಲ್ಲಿ ಒಂದನ್ನು ಆರಿಸುವ ಅನುಕೂಲವಿದೆ. ಹನ್ನೊಂದು ವರ್ಷದ ಹುಡುಗನಿಗೋ ಹುಡುಗಿಗೋ ಸಿಗುವುದು ಅಣ್ಣ ಆಡಿ ಬಿಟ್ಟದ್ದು. ಉದ್ದ ಹೆಚ್ಚಾಯಿತೆಂದು ಹಿಡಿಯ ಕಡೆ ಒಂದು ತುಂಡು ಕೊಯ್ದು ಕೊಟ್ಟರೆ ಮುಗಿಯಿತೆಂದು ಹಿರಿಯರು ತಿಳಿಯುತ್ತಾರೆ. ಮೇಲಿನ 540 ಗ್ರಾಂ ಕೋಲನ್ನೇ ತೆಗೆದುಕೊಳ್ಳಿ. ಅದರ ಉದ್ದ 93 ಸೆಂ.ಮೀ. ಇರಲಿ. ಮೇಲಿನ 8 ಸೆಂ.ಮೀ. ಕೊಯ್ದಾಗ 40 ಗ್ರಾಂ ಹೋಯಿತೆನ್ನಿ. ಕೋಲು 500 ಗ್ರಾಂಗೆ ಇಳಿಯಿತು, ನಿಜ. ಆದರೆ ಸಮತೋಲನ ಬಿಂದು 38ರಿಂದ 34 ಸೆಂ.ಮೀ.ಗೆ, ಕೊಕ್ಕೆಯತ್ತ, ಜಾರಿತು. ಕೊಕ್ಕೆ ಮಾತ್ರ ದೊಡ್ಡವರ ಕೊಕ್ಕೆಯಾಗಿಯೇ ಉಳಿಯಿತು. ಮಕ್ಕಳಿಗೆಂದೇ ಮಾಡಿದ ಅಷ್ಟೇ ಉದ್ದದ ಕೋಲಿನಲ್ಲಿ ಕೊಕ್ಕೆಯೂ ಹಿಡಿಯೂ ಸಣ್ಣವು, ತೂಕವೂ ಸಾಕಷ್ಟು ಕಡಿಮೆ.

ಇಂಥ ಕೋಲು ಹಿಡಿದ ಮಗು ಏನು ಮಾಡುತ್ತದೆ? ಕೊಕ್ಕೆಯನ್ನು ಎತ್ತಲಾರದೆ ಬಲಗೈಯನ್ನು ಬಹಳ ಕೆಳಕ್ಕೆ ಇಳಿಸುತ್ತದೆ. ಬೆನ್ನು ಬಾಗುತ್ತದೆ, ತಲೆ ತಗ್ಗುತ್ತದೆ, ಎದುರಾಳಿ ಕಾಣುವುದಿಲ್ಲ. ಕೋಲನ್ನು ಮಗುಚಲು ಎಡಗೈಯ ಬದಲು ಎರಡೂ ತೋಳುಗಳನ್ನು ತಿರುಚುತ್ತದೆ. ವರ್ಷವೆರಡು ಹೀಗೆ ಕಳೆದರೆ ಸರಿಯಾದ ಕೋಲು ಸಿಕ್ಕಮೇಲೂ ಆ ರೂಢಿ ಬಿಡಿಸುವುದು ಕಷ್ಟ. ಕೊಡಗಿನಲ್ಲಿ ಈ ಮಾತಿಗೆ ತೂಕ ಹೆಚ್ಚು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ನೂರಾರು ತಂಡಗಳಿಗೆ ಬೆಳೆದಿದೆ. ಅಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡಬಹುದು. ಒಂದೇ ತಂಡವಾದರೂ ಮೂವರ ಕೈಗೂ ಒಂದೇ ಕೋಲು ಒಗ್ಗದು.

ಹೊಸ ಕೋಲು ಕೊಳ್ಳಲು ಆಗದಿದ್ದರೆ, ಹಳೆಯದು ಮರದ್ದಾಗಿದ್ದರೆ, ಕೊಯ್ದ ಬಳಿಕ ಕೊಕ್ಕೆಯ ಬೆನ್ನನ್ನೂ ಹೆರೆಯಬೇಕು. ಚಪ್ಪಟೆ ಮುಖವನ್ನು ಮುಟ್ಟಬಾರದು. ಕಾರ್ಬನ್ ಕೋಲಾದರೆ ಕೊಯ್ಯುವುದಕ್ಕಿಂತ ಬೇರೆ ಮಗುವಿನೊಡನೆ ಅದಲುಬದಲು ಮಾಡಿಕೊಳ್ಳುವುದೇ ಜಾಣತನ. ದೊಡ್ಡವರಾಗಿದ್ದು ಕೊಕ್ಕೆ ತುಸುವೇ ಭಾರವೆನಿಸಿದರೆ ಇನ್ನೊಂದು ಗ್ರಿಪ್ ಸಾಕಾದೀತು. ಆದರೆ ಹಿಡಿ ದಪ್ಪವಾದರೆ ಬೆರಳುಗಳ ಹಿಡಿತ ಸಡಿಲವಾಗುತ್ತದೆ, ಎರಡಕ್ಕಿಂತ ಹೆಚ್ಚು ಬೇಡ.

ಮೆಚ್ಚಿನ ಕೋಲು ಮುರಿದು ಹೋಗಿ ಅಂಥದ್ದೇ ಇನ್ನೊಂದು ಬೇಕಾದವರಿಗೆ ಒಂದು ಉಪಾಯವಿದೆ. ಅದಕ್ಕೆ ಮುರಿಯುವ ಮೊದಲೇ ಮೂರು ಅಳತೆ ಬರೆದಿಡಬೇಕು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಕ. ಅಡಿಕೋಲಿನ ಅಂಚಿನ ಮೇಲೆ ನಿಲ್ಲಿಸಿ ಸಮತೋಲನ ಬಿಂದು, ಕೆಳತುದಿಯಿಂದ ಎಷ್ಟು ಸೆಂಟಿಮೀಟರ್ ಎಂದು. ಮೂರನೆಯದಕ್ಕೆ, ಹಿಡಿಯ ತುದಿಗೆ ದಾರ ಬಿಗಿದು ಗಂಟಿನ ಹತ್ತಿರವೇ ಮೊಳೆಗೆ ತೂಗುಹಾಕಿ, ಗಡಿಯಾರದ ಲೋಲಕದಂತೆ ಮೆಲ್ಲನೆ ತೂಗಾಡಲು ಬಿಡಿ. ಹತ್ತು ಸಲ ಹೋಗಿ ಬರಲು ಹಿಡಿಯುವ ಕಾಲವನ್ನು ಎಣಿಸಿ. ವಯಸ್ಕರ ಕೋಲಿಗೆ ಇದು 16–17 ಸೆಕೆಂಡಿನ ಸುಮಾರಿಗೆ ಬರುತ್ತದೆ. ಈ ಕಾಲ ಒಟ್ಟು ತೂಕವನ್ನು ಅವಲಂಬಿಸದು, ತೂಕದ ಹಂಚಿಕೆಯನ್ನು ಅವಲಂಬಿಸುತ್ತದೆ. ಮೂರೂ ಅಂಕಿ ಹೊಂದುವ ಹೊಸ ಕೋಲಿಗೆ ಬೀಸಿನಲ್ಲಿ ಹಳೆಯದರದೇ ನಡೆ ಇರುತ್ತದೆ, ಬಣ್ಣ, ಹೆಸರು ಏನೇ ಇರಲಿ. ಅಳೆಯುವಾಗ ಗ್ರಿಪ್ ಒಣಗಿರಲಿ. ಮಳೆಯಲ್ಲಿ ನೆನೆದ ಟವೆಲ್ ಗ್ರಿಪ್ ಇದ್ದರೆ ತೂಕವೂ ಬಿಂದುವೂ ತಪ್ಪು ತೋರಿಸುತ್ತವೆ.