ಕೊರಿಪ್ಪೊ: ಜನ ಇಳಿದರು, ಮನೆಗಳು ಉಳಿದವು

ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿಮದ ಶಿಖರ, ಗಡಿಯಾರ, ಚಾಕೊಲೇಟ್, ಬ್ಯಾಂಕು. ಹಿಂದಿ ಸಿನಿಮಾ ನೋಡಿದವರಿಗೆ ಹಸಿರು ಹುಲ್ಲುಗಾವಲಿನಲ್ಲಿ ಹಾಡಿ ಕುಣಿಯುವ ನಾಯಕ ನಾಯಕಿಯರೂ ನೆನಪಾಗಬಹುದು. ಹಸಿದ ಮಕ್ಕಳು, ಸಾಲ ಮಾಡಿ ಹಡಗು ಹತ್ತಿದ ಯುವಕರು, ಬೀಗ ಬಿದ್ದ ಮನೆಗಳು ಆ ಚಿತ್ರದಲ್ಲಿ ಇರುವುದಿಲ್ಲ. ಆದರೆ ಅದೇ ದೇಶದ ದಕ್ಷಿಣದ ಒಂದು ಕಣಿವೆಯಲ್ಲಿ ಇವೆಲ್ಲವನ್ನೂ ಕಂಡ ಊರೊಂದಿದೆ. ಹೆಸರು ಕೊರಿಪ್ಪೊ. 2020ರ ಅಕ್ಟೋಬರ್‌ವರೆಗೆ ಅದು ತನ್ನದೇ ಆಡಳಿತವಿದ್ದ ಸ್ವತಂತ್ರ ಗ್ರಾಮ. ಕೊನೆಯ ವರ್ಷಗಳಲ್ಲಿ ಅಲ್ಲಿದ್ದವರು ಹದಿನೈದಕ್ಕಿಂತಲೂ ಕಡಿಮೆ ಜನ. ಜನಸಂಖ್ಯೆಯ ಲೆಕ್ಕದಲ್ಲಿ ಇಡೀ ಸ್ವಿಟ್ಜರ್ಲೆಂಡಿನ ಅತಿ ಚಿಕ್ಕ ಗ್ರಾಮಾಡಳಿತ ಅದಾಗಿತ್ತು.

ಇಷ್ಟು ಸಣ್ಣ ಊರಿನ ಬಗ್ಗೆ ಓದಿ ಏನು ಪ್ರಯೋಜನ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಯೋಜನವಿದೆ. ನೆಲದ ಇಳಿಜಾರು, ಬಿಸಿಲು, ನೀರು, ಕಲ್ಲು ಇವು ಜನರ ಸಂಖ್ಯೆಯನ್ನು ಹೇಗೆ ಏರಿಸುತ್ತವೆ, ಇಳಿಸುತ್ತವೆ ಎಂಬುದನ್ನು ದೊಡ್ಡ ದೇಶದ ಅಂಕಿಅಂಶಗಳಲ್ಲಿ ಹುಡುಕುವುದು ಕಷ್ಟ. ಕೊರಿಪ್ಪೊದಂಥ ಊರಿನಲ್ಲಿ ಅದು ಕೈಯಲ್ಲಿ ಹಿಡಿದು ನೋಡುವಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲಿದೆ ಈ ಊರು?

ಅಟ್ಲಾಸ್ ತೆರೆಯಿರಿ. ಸ್ವಿಟ್ಜರ್ಲೆಂಡಿನಲ್ಲಿ ಕ್ಯಾಂಟನ್ ಎಂದು ಕರೆಯುವ 26 ರಾಜ್ಯಗಳಿವೆ. ಅವುಗಳಲ್ಲಿ ಆಲ್ಪ್ಸ್ ಪರ್ವತಗಳ ದಕ್ಷಿಣಕ್ಕೆ, ಇಟಲಿಯ ಕಡೆಗೆ ಚಾಚಿಕೊಂಡಿರುವುದು ಟಿಚೀನೊ. ಇಲ್ಲಿಯ ಜನರ ಮಾತು ಇಟಾಲಿಯನ್. ಇದರ ಪಶ್ಚಿಮ ಭಾಗದಲ್ಲಿ ಮಜೋರೆ ಎಂಬ ಉದ್ದನೆಯ ಸರೋವರವಿದೆ. ಸಮುದ್ರಮಟ್ಟದಿಂದ 193 ಮೀಟರ್ ಎತ್ತರದಲ್ಲಿರುವ ಅದರ ದಂಡೆಯೇ ಸ್ವಿಟ್ಜರ್ಲೆಂಡಿನ ಅತ್ಯಂತ ತಗ್ಗಿನ ಜಾಗ. ದಂಡೆಯ ಮೇಲಿನ ಪಟ್ಟಣ ಲೊಕಾರ್ನೊ. ಅಲ್ಲಿಗೆ ಸಮೀಪದಲ್ಲೇ, ಉತ್ತರದ ಬೆಟ್ಟಗಳಿಂದ ಸುಮಾರು 30 ಕಿಲೋಮೀಟರ್ ಹರಿದು ಬರುವ ವೆರ್ಜಾಸ್ಕಾ ನದಿ ಸರೋವರ ಸೇರುತ್ತದೆ. ಈ ನದಿಯ ನೀರು ತಿಳಿಹಸಿರು ಬಣ್ಣದ್ದು, ತಳದ ಕಲ್ಲು ಕಾಣುವಷ್ಟು ನಿರ್ಮಲ.

ಈ ನದಿಯ ಕಣಿವೆಯಲ್ಲಿ ಸ್ವಲ್ಪ ದೂರ ಮೇಲೇರಿದರೆ ಬಲದಂಡೆಯ ಇಳಿಜಾರಿನಲ್ಲಿ ಕೊರಿಪ್ಪೊ ಸಿಗುತ್ತದೆ. ಎತ್ತರ ಸುಮಾರು 560 ಮೀಟರ್. ಕಣಿವೆಯ ಈ ಭಾಗ ಇಂಗ್ಲಿಷಿನ 'ವಿ' ಅಕ್ಷರದಂತೆ ಕಿರಿದಾಗಿದೆ, ಸಮತಟ್ಟು ನೆಲವೇ ಇಲ್ಲ. ಗ್ರಾಮದ ವಿಸ್ತೀರ್ಣ 7.7 ಚದರ ಕಿಲೋಮೀಟರ್. ಕೇಳಲು ಸಾಕಷ್ಟು ದೊಡ್ಡದೇ. ಆದರೆ ಅದರ ಬಹುಪಾಲು ಕಾಡು, ಉಳಿದುದರಲ್ಲಿ ಹೆಚ್ಚಿನದು ಬಂಡೆ ಮತ್ತು ಎತ್ತರದ ಹುಲ್ಲುಗಾವಲು. ಮನೆಗಳು ನಿಂತಿರುವ ನೆಲ ನೂರರಲ್ಲಿ ಒಂದು ಪಾಲೂ ಇಲ್ಲ.

ಆದ್ದರಿಂದಲೇ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಕೂತಿವೆ. ಒಂದರ ಸೂರು ಇನ್ನೊಂದರ ಅಂಗಳದ ಮಟ್ಟಕ್ಕೆ ಬರುತ್ತದೆ. ಉಳುವುದಕ್ಕೆ ಬರುವ ಅಂಗೈಯಗಲ ನೆಲವನ್ನೂ ಮನೆ ಕಟ್ಟಿ ಹಾಳುಮಾಡಬಾರದು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಗೋಡೆಗೂ ಸೂರಿಗೂ ಒಂದೇ ಕಲ್ಲು. ಈ ಬೆಟ್ಟಗಳ 'ನೈಸ್' ಶಿಲೆ ಹಾಳೆ ಹಾಳೆಯಾಗಿ ಸೀಳುತ್ತದೆ. ಹೆಂಚಿನ ಬದಲು ಆ ಚಪ್ಪಡಿಗಳನ್ನೇ ಒಂದರ ಮೇಲೊಂದು ಹೊದಿಸಿದರು. ದೂರದಿಂದ ನೋಡಿದರೆ ಊರು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಮೂರು ಎತ್ತರಗಳ ಬದುಕು

ಇಂಥ ನೆಲದಲ್ಲಿ ಜನ ಏನು ತಿಂದು ಬದುಕಿದರು? ಮುಖ್ಯವಾಗಿ ಚೆಸ್ಟ್‌ನಟ್ ಮರದ ಕಾಯಿ. ಅದನ್ನು ಹೊಗೆಯಲ್ಲಿ ಒಣಗಿಸಿ, ಬೀಸಿ ಹಿಟ್ಟು ಮಾಡಿ ಚಳಿಗಾಲಕ್ಕೆ ಕಾಪಿಟ್ಟುಕೊಳ್ಳುತ್ತಿದ್ದರು. ಅಕ್ಕಿಯೋ ರಾಗಿಯೋ ನಮಗಿರುವಂತೆ ಅವರಿಗೆ ಆ ಕಾಯಿ. ಜೊತೆಗೆ ಕಲ್ಲುಕಟ್ಟೆಯ ಸಣ್ಣ ಪಾತಿಗಳಲ್ಲಿ ರೈ ಧಾನ್ಯ, ಆಲೂಗಡ್ಡೆ. ಕೆಲವು ಮೇಕೆ, ಹಸು. ಹಸು ಮೇಯಲಾಗದ ಕಡಿದಾದ ಜಾಗಗಳ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ಬೆನ್ನುಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ಈ ಕೆಲಸದ ದೊಡ್ಡ ಪಾಲು ಹೆಂಗಸರದ್ದು.

ವರ್ಷವಿಡೀ ಒಂದೇ ಕಡೆ ಇದ್ದು ಬದುಕುವಂತಿರಲಿಲ್ಲ. ಬೇಸಿಗೆಯಲ್ಲಿ ದನಗಳೊಂದಿಗೆ ಮೇಲಿನ ಹುಲ್ಲುಗಾವಲಿಗೆ, ಚಳಿಗಾಲದಲ್ಲಿ ಕೆಳಗೆ ಸರೋವರದ ಬಳಿಯ ಮಾಗಾದಿನೊ ಬಯಲಿಗೆ, ನಡುವಿನ ತಿಂಗಳುಗಳಲ್ಲಿ ಊರಿಗೆ. ವೆರ್ಜಾಸ್ಕಾ ಕಣಿವೆಯ ಅನೇಕ ಕುಟುಂಬಗಳಿಗೆ ಬಯಲಿನ ಅಂಚಿನಲ್ಲಿ ದ್ರಾಕ್ಷಿತೋಟವೂ ಒಂದು ಗುಡಿಸಲೂ ಇರುತ್ತಿತ್ತು. ಹೀಗೆ ಋತುಮಾನಕ್ಕೆ ತಕ್ಕಂತೆ ಎತ್ತರ ಬದಲಿಸುವ ಬದುಕನ್ನು ಭೂಗೋಳ ಪಠ್ಯಗಳು 'ಋತು ವಲಸೆ' ಎನ್ನುತ್ತವೆ. ಮಗುವೊಂದು ವರ್ಷದಲ್ಲಿ ಮೂರು ಮನೆಗಳಲ್ಲಿ ಬೆಳೆಯುತ್ತಿತ್ತು.

ಆ ಕಾಲದಲ್ಲಿ ಬಯಲಿನಲ್ಲೇ ಏಕೆ ನೆಲೆಸಲಿಲ್ಲ? ಅಲ್ಲಿ ಮಲೇರಿಯಾ ಇತ್ತು. ಟಿಚೀನೊ ನದಿ ಮನಬಂದಂತೆ ಹರಿದು ಬಯಲನ್ನು ಜೌಗು ಮಾಡಿತ್ತು. ಬೆಟ್ಟದಲ್ಲಿ ಅನ್ನ ಕಡಿಮೆ, ಬಯಲಿನಲ್ಲಿ ಆರೋಗ್ಯ ಕಡಿಮೆ. ಎರಡರ ನಡುವೆ ಜನ ಹತ್ತುತ್ತಾ ಇಳಿಯುತ್ತಾ ಇದ್ದರು.

ಮೂರು ಸಂಖ್ಯೆಗಳು

ಸ್ವಿಟ್ಜರ್ಲೆಂಡ್ ಒಕ್ಕೂಟದ ಮೊದಲ ಜನಗಣತಿ ನಡೆದದ್ದು 1850ರಲ್ಲಿ. ಆಗ ಕೊರಿಪ್ಪೊದಲ್ಲಿ 294 ಜನ. 1950ರ ಗಣತಿಯಲ್ಲಿ 73. 2000ದಲ್ಲಿ 22. ಈ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡು ಸ್ವಲ್ಪ ಲೆಕ್ಕ ಮಾಡೋಣ.

ಮೊದಲ ನೂರು ವರ್ಷಗಳಲ್ಲಿ ನಾಲ್ವರಲ್ಲಿ ಮೂವರು ಇಲ್ಲವಾದರು. ಅಂದರೆ ಸರಾಸರಿ ಐವತ್ತು ವರ್ಷಕ್ಕೊಮ್ಮೆ ಜನಸಂಖ್ಯೆ ಅರ್ಧವಾಯಿತು. ಮುಂದಿನ ಐವತ್ತು ವರ್ಷಗಳಲ್ಲಿ 73 ಇದ್ದದ್ದು 22 ಆಯಿತು. ಶೇಕಡಾ 70ರ ಇಳಿಕೆ. ಈ ವೇಗದಲ್ಲಿ ಅರ್ಧವಾಗಲು ಮೂವತ್ತು ವರ್ಷವೂ ಬೇಕಿಲ್ಲ. ಹೋದವರ ಸಂಖ್ಯೆಯನ್ನಷ್ಟೇ ನೋಡಿದರೆ ಮೊದಲು 221, ಆಮೇಲೆ 51. ಇಳಿಕೆ ನಿಧಾನವಾಯಿತೆಂದು ತೋರುತ್ತದೆ. ಶೇಕಡಾವಾರು ನೋಡಿದರೆ ಅದು ಚುರುಕಾಗಿದೆ! ಜನಸಂಖ್ಯೆಯ ಅಂಕಿಗಳನ್ನು ಯಾವಾಗಲೂ ಎರಡೂ ಬಗೆಯಲ್ಲಿ ನೋಡಬೇಕೆನ್ನುವುದು ಇದಕ್ಕೇ.

ಇನ್ನೊಂದು ಹೋಲಿಕೆ. 1850ರಲ್ಲಿ ಇಡೀ ಸ್ವಿಟ್ಜರ್ಲೆಂಡಿನ ಜನ ಸುಮಾರು 24 ಲಕ್ಷ. 2000ದ ಹೊತ್ತಿಗೆ 72 ಲಕ್ಷ ದಾಟಿತ್ತು. ದೇಶ ಮೂರು ಪಟ್ಟು ಬೆಳೆದ ಅವಧಿಯಲ್ಲಿ ಊರು ಹದಿಮೂರನೆಯ ಒಂದು ಪಾಲಿಗೆ ಕುಗ್ಗಿತು. ಜನಸಾಂದ್ರತೆ ಚದರ ಕಿಲೋಮೀಟರಿಗೆ 38ರಿಂದ ಮೂವರಿಗಿಂತ ಕೆಳಗೆ ಬಂತು.

ಹೋದವರು ಎಲ್ಲಿಗೆ ಹೋದರು?

ಮೊದಲ ಅಲೆ ಹಸಿವಿನದು. 1840ರ ದಶಕದಲ್ಲಿ ಯೂರೋಪಿನಾದ್ಯಂತ ಆಲೂಗಡ್ಡೆಗೆ ರೋಗ ತಗುಲಿತು. 1853ರಲ್ಲಿ ಇನ್ನೊಂದು ಪೆಟ್ಟು. ಆಗ ಮಿಲಾನ್ ಸುತ್ತಲಿನ ಲೊಂಬಾರ್ಡಿ ಪ್ರದೇಶ ಆಸ್ಟ್ರಿಯಾದ ಕೈಯಲ್ಲಿತ್ತು. ಮಿಲಾನಿನಲ್ಲಿ ದಂಗೆಯೆದ್ದಾಗ, ದಂಗೆಕೋರರಿಗೆ ಟಿಚೀನೊ ಆಶ್ರಯ ಕೊಡುತ್ತಿದೆಯೆಂಬ ಸಿಟ್ಟಿನಿಂದ ಆಸ್ಟ್ರಿಯಾ ಗಡಿ ಮುಚ್ಚಿ, ಅಲ್ಲಿ ದುಡಿಯುತ್ತಿದ್ದ ಆರು ಸಾವಿರಕ್ಕೂ ಹೆಚ್ಚು ಟಿಚೀನೊದವರನ್ನು ಹೊರಗಟ್ಟಿತು. ಬೆಟ್ಟದ ಊರುಗಳಿಗೆ ನಗದು ಬರುತ್ತಿದ್ದ ದಾರಿಯೇ ಮುಚ್ಚಿತು. ಅದೇ ವರ್ಷಗಳಲ್ಲಿ ಆಸ್ಟ್ರೇಲಿಯಾ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ. ಟಿಚೀನೊದ ಕಣಿವೆಗಳಿಂದ ಯುವಕರು ಸಾಲ ಮಾಡಿ ಹಡಗು ಹತ್ತಿದರು. ಚಿನ್ನ ಸಿಕ್ಕಿದ್ದು ಕೆಲವರಿಗೆ. ಕ್ಯಾಲಿಫೋರ್ನಿಯಾಕ್ಕೆ ಹೋದ ಅನೇಕರು ಊರಿನಲ್ಲಿ ಕಲಿತ ವಿದ್ಯೆಗೇ ಮರಳಿ ಹಸು ಸಾಕಿದರು, ಹಾಲು ಮಾರಿದರು, ಅಲ್ಲೇ ಉಳಿದರು.

ಮಕ್ಕಳೂ ಹೋದರು. ವೆರ್ಜಾಸ್ಕಾದಂಥ ಕಣಿವೆಗಳಿಂದ ಎಂಟು ಹತ್ತು ವರ್ಷದ ಬಡ ಹುಡುಗರನ್ನು ಚಳಿಗಾಲದಲ್ಲಿ ಮಿಲಾನ್ ಮುಂತಾದ ನಗರಗಳಿಗೆ ಕಳಿಸುತ್ತಿದ್ದರು. ಕೆಲಸ, ಚಿಮಣಿಗಳ ಒಳಗೆ ತೂರಿ ಮಸಿ ಕೆರೆಯುವುದು. ಸಣಕಲು ಹುಡುಗರೇ ಬೇಕು, ಏಕೆಂದರೆ ಚಿಮಣಿ ಕಿರಿದು. ಈ ಕಣಿವೆಯ ತುದಿಯ ಸೊನೊನ್ಯೊ ಗ್ರಾಮದ ಅಂಥ ಒಬ್ಬ ಹುಡುಗನನ್ನು ನಾಯಕನಾಗಿಸಿ ಲೀಸಾ ಟೆಟ್ಸ್‌ನರ್ 1940ರ ಹೊತ್ತಿಗೆ ಜರ್ಮನ್ ಭಾಷೆಯಲ್ಲಿ ಬರೆದ 'ಕಪ್ಪು ಸೋದರರು' ಕಾದಂಬರಿಯನ್ನು ಯೂರೋಪಿನ ಮಕ್ಕಳು ಇಂದಿಗೂ ಓದುತ್ತಾರೆ.

ಎರಡನೆಯ ಅಲೆ ಹತ್ತಿರದ್ದು, ಹೆಚ್ಚು ಮೌನವಾದದ್ದು. 1888ರಿಂದ ಟಿಚೀನೊ ನದಿಗೆ ದಂಡೆ ಕಟ್ಟಿ ನೇರಗೊಳಿಸುವ ಕೆಲಸ ಶುರುವಾಯಿತು. ಜೌಗು ಒಣಗಿತು, ಮಲೇರಿಯಾ ಹಿಂದೆ ಸರಿಯಿತು, ಬಯಲು ಬಂಗಾರದ ಹೊಲವಾಯಿತು. ಚಳಿಗಾಲ ಕಳೆಯಲೆಂದು ಇಳಿಯುತ್ತಿದ್ದವರು ವಸಂತ ಬಂದರೂ ಮತ್ತೆ ಹತ್ತಲಿಲ್ಲ. ಮುಂದೆ ರಸ್ತೆ, ಕಾರ್ಖಾನೆ, ಕಚೇರಿ, ಶಾಲೆ ಎಲ್ಲವೂ ಕೆಳಗೇ ಬಂದವು. ಅಲ್ಲಿ ಸಮಸ್ಯೆ ಬಗೆಹರಿದದ್ದೇ ಇಲ್ಲಿ ಊರು ಬರಿದಾಗಲು ಕಾರಣವಾಯಿತು.

1965ರಲ್ಲಿ ಕಣಿವೆಯ ಬಾಯಲ್ಲಿ 220 ಮೀಟರ್ ಎತ್ತರದ ಅಣೆಕಟ್ಟು ಪೂರ್ಣಗೊಂಡಿತು. 1995ರ ಜೇಮ್ಸ್ ಬಾಂಡ್ ಚಿತ್ರ 'ಗೋಲ್ಡನ್‌ಐ' ಆರಂಭದಲ್ಲಿ ನಾಯಕ ಹಗ್ಗ ಕಟ್ಟಿಕೊಂಡು ಧುಮುಕುವುದು ಇದರ ಮೇಲಿಂದಲೇ. ಅಣೆಕಟ್ಟಿನ ಹಿಂದೆ ನಿಂತ ವೊಗೊರ್ನೊ ಸರೋವರದ ಹಿನ್ನೀರು ಕೊರಿಪ್ಪೊದ ಕೆಳಗಿನವರೆಗೆ ಬರುತ್ತದೆ. ಕಣಿವೆಯ ತಳದಲ್ಲಿದ್ದ ಅಷ್ಟಿಷ್ಟು ನೆಲ ನೀರಿನಡಿ ಸೇರಿ ನಗರಗಳಿಗೆ ವಿದ್ಯುತ್ತಾಯಿತು.

ಬಡತನ ಉಳಿಸಿದ ಚೆಲುವು

ಇಲ್ಲೊಂದು ವಿಚಿತ್ರ. ಹಣ ಬಂದ ಊರುಗಳಲ್ಲಿ ಜನ ಹಳೆಯ ಮನೆ ಕೆಡವಿ ಕಾಂಕ್ರೀಟು ಕಟ್ಟಿದರು. ಕೊರಿಪ್ಪೊದಲ್ಲಿ ಕೆಡವಲು ಹಣವೂ ಇರಲಿಲ್ಲ, ಕಟ್ಟಲು ಜನವೂ ಇರಲಿಲ್ಲ. ಹಾಗಾಗಿ ಹಿಂದಿನ ಶತಮಾನಗಳ ಊರು ಹಾಗೇ ನಿಂತಿತು. 1975ನ್ನು ಯೂರೋಪು ವಾಸ್ತುಪರಂಪರೆಯ ವರ್ಷವೆಂದು ಆಚರಿಸಿದಾಗ ಸಂರಕ್ಷಣೆಗೆ ಮಾದರಿಯಾಗಿ ಆರಿಸಿದ ಊರುಗಳಲ್ಲಿ ಕೊರಿಪ್ಪೊ ಕೂಡ ಒಂದು. ಊರನ್ನು ಉಳಿಸಲು ಅದೇ ವರ್ಷ ಒಂದು ಪ್ರತಿಷ್ಠಾನವೂ ಹುಟ್ಟಿತು.

ಖಾಲಿ ಮನೆಗಳನ್ನು ಕೊಂಡ ನಗರವಾಸಿಗಳು ರಜೆಯಲ್ಲಿ ಬರತೊಡಗಿದರು. ಬೇಸಿಗೆಯಲ್ಲಿ ಕಿಟಕಿಗಳಲ್ಲಿ ದೀಪ, ಚಳಿಗಾಲದಲ್ಲಿ ಕತ್ತಲು. ಜನಗಣತಿಗೆ ಇವರು ಸಿಗುವುದಿಲ್ಲ, ಏಕೆಂದರೆ ಗಣತಿ ಎಣಿಸುವುದು ಕಾಯಂ ವಾಸಿಗಳನ್ನು. ಇದು ಆಲ್ಪ್ಸ್‌ನ ನೂರಾರು ಹಳ್ಳಿಗಳ ಸಮಸ್ಯೆ. ಒಂದು ಗ್ರಾಮದಲ್ಲಿ ರಜಾಮನೆಗಳು ಶೇಕಡಾ 20ಕ್ಕಿಂತ ಹೆಚ್ಚಿರಬಾರದೆಂಬ ಮಿತಿಗೆ ಸ್ವಿಸ್ ಮತದಾರರು 2012ರಲ್ಲಿ ಒಪ್ಪಿಗೆ ಕೊಟ್ಟದ್ದು ಇದರಿಂದಲೇ.

ಪ್ರತಿಷ್ಠಾನ ಬೇರೊಂದು ದಾರಿ ಹಿಡಿಯಿತು. 1976ರ ಭೂಕಂಪದ ನಂತರ ಇಟಲಿಯ ಫ್ರಿಯೂಲಿ ಪ್ರದೇಶದಲ್ಲಿ ಹುಟ್ಟಿದ ಕಲ್ಪನೆ ಅದು: 'ಹರಡಿದ ಹೋಟೆಲು'. ಒಂದು ದೊಡ್ಡ ಕಟ್ಟಡದ ಬದಲು ಊರಿನ ಹಲವು ಹಳೆಯ ಮನೆಗಳೇ ಹೋಟೆಲಿನ ಕೋಣೆಗಳು, ಊರಿನ ಓಣಿಯೇ ಅದರ ಪಡಸಾಲೆ. ಕೊರಿಪ್ಪೊದಲ್ಲಿ ಅಂಥ ಹೋಟೆಲು 2022ರಲ್ಲಿ ಬಾಗಿಲು ತೆರೆಯಿತು.

ಸಭೆ ಸೇರಲು ಜನ ಬೇಕು

ಆದರೆ ಮನೆ ಉಳಿದರೆ ಗ್ರಾಮ ಉಳಿದಂತೆಯೆ? ಸ್ವಿಟ್ಜರ್ಲೆಂಡಿನ ಗ್ರಾಮಾಡಳಿತ ಬಲು ಶಕ್ತಿಶಾಲಿ. ನಮ್ಮ ಗ್ರಾಮ ಪಂಚಾಯಿತಿಯಂತೆ ಬುಡದ ಹಂತದ್ದಾದರೂ ತನ್ನ ತೆರಿಗೆಯ ದರವನ್ನು ತಾನೇ ನಿರ್ಧರಿಸುತ್ತದೆ. ಸಣ್ಣ ಊರುಗಳಲ್ಲಿ ಮತದಾರರೆಲ್ಲ ಒಂದೆಡೆ ಸೇರಿ ಆಯವ್ಯಯಕ್ಕೆ ಒಪ್ಪಿಗೆ ಕೊಡುತ್ತಾರೆ. ಅಧ್ಯಕ್ಷ ಬೇಕು, ಸದಸ್ಯರು ಬೇಕು, ಲೆಕ್ಕ ನೋಡುವವರು ಬೇಕು. ಇರುವುದೇ ಹತ್ತು ಹನ್ನೆರಡು ಜನ, ಅವರಲ್ಲಿ ಹೆಚ್ಚಿನವರು ವಯಸ್ಸಾದವರು ಎಂದರೆ ಹೇಗೆ? ರಸ್ತೆ ದುರಸ್ತಿಗೆ, ಕೊಳವೆಗೆ ತಗಲುವ ಖರ್ಚು ಮಾತ್ರ ಜನ ಕಡಿಮೆಯಾದರೆಂದು ಕಡಿಮೆಯಾಗುವುದಿಲ್ಲ.

ಈ ಸಂಕಟ ಕೊರಿಪ್ಪೊದ್ದಷ್ಟೇ ಅಲ್ಲ. 2000ದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 2899 ಗ್ರಾಮಾಡಳಿತಗಳಿದ್ದವು. 2020ರ ಆರಂಭಕ್ಕೆ 2202 ಉಳಿದವು. ಉಳಿದವು ಪಕ್ಕದ ಊರುಗಳೊಂದಿಗೆ ವಿಲೀನವಾದವು. 2020ರ ಅಕ್ಟೋಬರ್ 18ರಂದು ಕೊರಿಪ್ಪೊ, ಬ್ರಿಯೋನೆ, ಫ್ರಾಸ್ಕೊ, ಸೊನೊನ್ಯೊ, ವೊಗೊರ್ನೊ ಗ್ರಾಮಗಳು ಮತ್ತು ಕಣಿವೆಯೊಳಗಿನ ಇನ್ನೆರಡು ಭಾಗಗಳು ಸೇರಿ 'ವೆರ್ಜಾಸ್ಕಾ' ಎಂಬ ಒಂದೇ ಗ್ರಾಮಾಡಳಿತವಾಯಿತು. ಇಡೀ ಕಣಿವೆ ಸೇರಿದರೂ ಜನ ಸಾವಿರಕ್ಕೂ ಕಡಿಮೆ!

ಇನ್ನೊಂದು ಸ್ವಾರಸ್ಯ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ. 'ಮೂಲದ ಊರು' ಬರೆಯುತ್ತಾರೆ. ಅದು ತಂದೆ ತಾಯಿಯಿಂದ ಮಕ್ಕಳಿಗೆ ಬರುವಂಥದು. ಜ್ಯೂರಿಕ್‌ನಲ್ಲಿ ಹುಟ್ಟಿ ಬೆಳೆದವನಿಗೂ ಮುತ್ತಜ್ಜ ಬಿಟ್ಟುಹೋದ ಬೆಟ್ಟದ ಹಳ್ಳಿಯೇ ಮೂಲ. ಆದ್ದರಿಂದ ಇಂಥ ಹಳ್ಳಿಯನ್ನು ಒಮ್ಮೆಯೂ ನೋಡದೆ ಅದರ ಹೆಸರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು, ಅಲ್ಲಿ ವಾಸಿಸುವವರಿಗಿಂತ ಹೆಚ್ಚಿರುವುದು ಸಾಧ್ಯ. ಗಣತಿಯ ಪುಸ್ತಕ ಹೇಳುವ ಜನಸಂಖ್ಯೆ ಒಂದು, ಊರನ್ನು ತಮ್ಮದೆನ್ನುವವರ ಸಂಖ್ಯೆ ಇನ್ನೊಂದು.

ಮಕ್ಕಳು ಬರೆದುಕೊಂಡ ಆ ಮೂರು ಸಂಖ್ಯೆಗಳ ಪಟ್ಟಿಗೆ ಈಗ ಮರಳೋಣ. 1850ಕ್ಕೆ 294, 1950ಕ್ಕೆ 73, 2000ಕ್ಕೆ 22. ಇದರ ಕೆಳಗೆ ಮುಂದಿನ ಸಾಲು ಬರೆಯಹೊರಟರೆ ಒಂದು ತೊಡಕಿದೆ. ಗ್ರಾಮಗಳ ಅಧಿಕೃತ ಪಟ್ಟಿಯಲ್ಲಿ ಕೊರಿಪ್ಪೊ ಎಂಬ ಸಾಲೇ ಈಗಿಲ್ಲ. ಅಲ್ಲಿರುವ ಕೆಲವೇ ಜನ ವೆರ್ಜಾಸ್ಕಾದ ಲೆಕ್ಕಕ್ಕೆ ಸೇರಿದ್ದಾರೆ. ಭೂಪಟದಲ್ಲಿ ಮಾತ್ರ ಆ ಹೆಸರು ಇದ್ದಲ್ಲೇ ಇದೆ, ನದಿಯ ಬಲಕ್ಕೆ, ಸಮೋನ್ನತ ರೇಖೆಗಳು ಒತ್ತೊತ್ತಾಗಿ ಸೇರಿದ ಕಡೆ. ಆ ರೇಖೆಗಳು ಏಕೆ ಅಷ್ಟು ಒತ್ತಾಗಿವೆ ಎಂದು ಹೇಳಬಲ್ಲ ವಿದ್ಯಾರ್ಥಿ, ಆ ಪಟ್ಟಿಯ ಸಂಖ್ಯೆಗಳು ಏಕೆ ಇಳಿದವು ಎಂಬುದನ್ನೂ ಹೇಳಬಲ್ಲ.