ಗೋಮಾಳದಲ್ಲಿ ಹುಟ್ಟಿದ ಗಾಲ್ಫ್

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಗಾಲ್ಫ್ ಮೈದಾನ ಒಂದೂ ಇಲ್ಲ. ಹಿಂಗಾರು ಕೈಕೊಟ್ಟರೆ ಕಡಲೆ, ಬಿಳಿಜೋಳವೂ ಮನೆ ಸೇರದ ನಾಡಿನಲ್ಲಿ ಈ ಆಟದ ಮಾತೆತ್ತುವುದೇ ಕೆಲವರಿಗೆ ಚೇಷ್ಟೆಯಂತೆ ಕಾಣಬಹುದು. ಆದರೆ ಹದಿನೆಂಟು ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮಿಕ್ಕ ಬಯಲು ಬೇಕು. ಅಷ್ಟು ಬಯಲು ಒಂದೇ ಕಡೆ ದೊರೆಯುವುದು ಬಹುಮಟ್ಟಿಗೆ ಗೋಮಾಳದಲ್ಲಿ, ಕೆರೆಯಂಗಳದಲ್ಲಿ ಇಲ್ಲವೇ ದಂಡಿನ ಜಾಗದಲ್ಲಿ. ಆದ್ದರಿಂದ ಗಾಲ್ಫಿನ ಚರಿತ್ರೆ ಊರೊಟ್ಟಿನ ಭೂಮಿಯ ಚರಿತ್ರೆಯೂ ಹೌದು. ಬಯಲುಸೀಮೆಯವರು ಅದನ್ನು ತಿಳಿದುಕೊಳ್ಳುವುದು ವ್ಯರ್ಥವಾಗಲಾರದು.

ಕುರಿ ಮೇಯ್ದ ನೆಲ

ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ಊರಿನ ಕಡಲಂಚಿನ ಮರಳುಭೂಮಿ ಉಳುಮೆಗೆ ಒದಗುತ್ತಿರಲಿಲ್ಲ. ಅಲ್ಲಿ ಕುರಿ ಮೇಯುತ್ತಿದ್ದವು, ಜನ ಬಟ್ಟೆ ಒಣಗಿಸುತ್ತಿದ್ದರು, ಚೆಂಡು ಹೊಡೆಯುತ್ತಿದ್ದರು. ಈ ಹಕ್ಕುಗಳು ಊರವರಿಗೇ ಸೇರಿದವೆಂದು 1552ರ ಸನ್ನದು ದೃಢಪಡಿಸಿತು. ಗಾಳಿ, ಮಳೆ ಮತ್ತು ಕುರಿಗಳೇ ಆ ಮೈದಾನದ ಮೊದಲ ಶಿಲ್ಪಿಗಳು; ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಸವೆಸಿದ ತಗ್ಗುಗಳೇ ಮುಂದೆ ಚೆಂಡಿಗೆ ಅಡ್ಡಿಯಾಗುವ ಮರಳಿನ ಬಂಕರ್‌ಗಳಾದವು ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಹದಿನೆಂಟು ಕುಳಿಗಳ ಲೆಕ್ಕ ಬಂದದ್ದೂ 1764ರಲ್ಲಿ ಅಲ್ಲಿಯ ಮೈದಾನವನ್ನು ಇಪ್ಪತ್ತೆರಡರಿಂದ ಇಳಿಸಿದಾಗ. 1797ರಲ್ಲಿ ಸಾಲದಲ್ಲಿ ಮುಳುಗಿದ್ದ ಪುರಸಭೆ ಈ ಭೂಮಿಯನ್ನು ಮಾರಿತು. ಭೂಮಿ ಪಡೆದು ಅಲ್ಲಿ ಮೊಲ ಸಾಕತೊಡಗಿದವರಿಗೂ ಆಟಗಾರರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ 1894ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಪುರಸಭೆಯೇ ಅದನ್ನು ಮರಳಿ ಕೊಂಡಿತು. ಜಗತ್ತಿನ ಅತಿ ಪ್ರಸಿದ್ಧವಾದ ಈ ಮೈದಾನದ ಮೊದಲ ಮತ್ತು ಕೊನೆಯ ಕುಳಿಗಳತ್ತ ಚೆಂಡು ಸಾಗುವ ಫೇರ್‌ವೇಗಳನ್ನು ಅಡ್ಡ ಹಾಯ್ದು ಸಾರ್ವಜನಿಕ ದಾರಿಯೊಂದು ಈಗಲೂ ಹೋಗುತ್ತದೆ. ದಾರಿಹೋಕರು ದಾಟುವವರೆಗೆ ಆಟಗಾರ ಕೋಲು ಹಿಡಿದು ಕಾಯಬೇಕು. ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜೆ. ಅಂದು ಊರವರು ನಾಯಿ, ಮಕ್ಕಳೊಂದಿಗೆ ಅಲ್ಲಿ ಅಡ್ಡಾಡುತ್ತಾರೆ.

ಬೇಲಿಯೊಳಗಿನ ಕರ್ನಾಟಕ

ನಮ್ಮಲ್ಲಿಗೆ ಈ ಆಟ ಬಂದದ್ದು ದಂಡಿನ ಜೊತೆಗೆ. ಬೆಂಗಳೂರಿನ ಹೈಗ್ರೌಂಡ್ಸ್‌ನ ಮೈದಾನ 1876ರದು. ಕೋಲಾರದ ಚಿನ್ನದ ಗಣಿಯ ಬಿಳಿಯ ಅಧಿಕಾರಿಗಳೂ ತಮಗಾಗಿ ಮೈದಾನ ಮಾಡಿಕೊಂಡರು. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ಆಟ ಬೇರೂರಿತು. ಬೆಂಗಳೂರಿನ ಪೂರ್ವಕ್ಕೆ ಚಲ್ಲಘಟ್ಟದ ಕೆರೆಯಂಗಳದಲ್ಲಿ, ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಆಟಗಾರರೊಬ್ಬರು ರೂಪಿಸಿದ ಮೈದಾನ ಎದ್ದಿತು. ಬಿಡದಿ ಬಳಿಯ ಖಾಸಗಿ ಮೈದಾನವೊಂದರೊಳಗೆ ಸೇರಿಹೋದ ಸರ್ಕಾರಿ ಜಮೀನಿನ ವ್ಯಾಜ್ಯ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಯಿತು.

ಇದಿಷ್ಟೇ ಹೇಳಿ ಮುಗಿಸಿದರೆ ಅನ್ಯಾಯವಾದೀತು. ನಗರಗಳಲ್ಲಿ ಕಾಂಕ್ರೀಟಿಗೆ ಬಲಿಯಾಗಬಹುದಾಗಿದ್ದ ಹಸಿರನ್ನು ಉಳಿಸಿದ್ದೂ ಇವೇ ಮೈದಾನಗಳು. ಸಂಸ್ಕರಿಸಿದ ಕೊಳಚೆ ನೀರಿನಿಂದ ಹುಲ್ಲು ಬೆಳೆಸುವ ರೂಢಿಯೂ ಬಂದಿದೆ. ಬ್ಯಾಗು ಹೊರುವ ಕ್ಯಾಡಿಯಾಗಿ ದುಡಿಯುತ್ತಲೇ ಆಟ ಕಲಿತ ಬೆಂಗಳೂರಿನವರೊಬ್ಬರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಇದೇ ನಗರದ ಯುವತಿಯೊಬ್ಬರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೇರಿದಾಗ, ಗಾಲ್ಫ್ ನಿಯಮವೇ ಗೊತ್ತಿಲ್ಲದ ಮನೆಗಳವರೂ ಬೆಳಗಿನ ಜಾವ ಟಿ.ವಿ. ಮುಂದೆ ಕೂತಿದ್ದರು. ಆದರೂ ಕ್ಯಾಡಿಯ ಮಗ ಕೋಲು ಹಿಡಿಯುವುದು ಇಂದಿಗೂ ಮೈದಾನದವರ ಔದಾರ್ಯದ ಮಾತು. ಸೇಂಟ್ ಆ್ಯಂಡ್ರೂಸ್‌ನವರಿಗೆ ಇರುವಂಥ ಹಕ್ಕು ಅವನಿಗಿಲ್ಲ.

ಎರಿ, ಮಸಾರಿ ಮತ್ತು ನೀರಿನ ಲೆಕ್ಕ

ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಬೇಸಿಗೆಯಲ್ಲಿ ನರಗುಂದದ ಎರಿ ಹೊಲ ಬಿಡುವ ಬಿರುಕಿನಲ್ಲಿ ಅದು ಸಲೀಸಾಗಿ ಇಳಿದುಹೋದೀತು! ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಕಾಲಿಗೆ ಮೆತ್ತುತ್ತದೆ. ಸೇಂಟ್ ಆ್ಯಂಡ್ರೂಸ್‌ನ ಮರಳಿನ ಗುಣಕ್ಕೆ ಇದು ತೀರ ವಿರುದ್ಧ. ಗಜೇಂದ್ರಗಡದ ಗುಡ್ಡಗಳ ಮಸಾರಿ ನೀರು ಬಸಿಯುತ್ತದೆ ನಿಜ, ಆದರೆ ನೀರೆಲ್ಲಿದೆ? 40 ಎಕರೆ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರಿನಂತೆ ನೀರುಣಿಸಿದರೆ ಸುಮಾರು 8 ಲಕ್ಷ ಲೀಟರು ಬೇಕು. ಗ್ರಾಮೀಣ ಕುಡಿಯುವ ನೀರಿನ ಯೋಜನೆಯ ತಲಾ 55 ಲೀಟರಿನ ಲೆಕ್ಕದಲ್ಲಿ ಇದು 14 ಸಾವಿರಕ್ಕೂ ಹೆಚ್ಚು ಜನರ ಪಾಲು. 1980ರಲ್ಲಿ ಮಲಪ್ರಭಾ ಕಾಲುವೆಯ ಕರದ ಪ್ರಶ್ನೆಗೆ ಗೋಲಿಬಾರ್ ಕಂಡ, ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ನರಗುಂದದಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನಂತೆ ನೆಲಕ್ಕೂ ಒಂದು ಲೆಕ್ಕವಿದೆ: ನೂರು ಜಾನುವಾರಿಗೆ ಮೂವತ್ತು ಎಕರೆ ಗೋಮಾಳ ಕಾದಿಡಬೇಕೆಂದು ರಾಜ್ಯದ ಕಂದಾಯ ನಿಯಮವೇ ಹೇಳುತ್ತದೆ.

ಹಳೆಯ ರೂಪಕ್ಕೆ ಮರಳುವ ಯತ್ನ

ಈಚಿನ ವರ್ಷಗಳಲ್ಲಿ ಮೈದಾನ ವಿನ್ಯಾಸದ ಒಲವೂ ಬದಲಾಗಿದೆ. ವಿನ್ಯಾಸಕಾರರು ಹಳೆಯ ವೈಮಾನಿಕ ಚಿತ್ರಗಳನ್ನು ಹರಡಿಕೊಂಡು, ವರ್ಷ ವರ್ಷವೂ ಕತ್ತರಿ ಯಂತ್ರ ಒಳಗೊಳಗೆ ಸರಿದು ಕುಗ್ಗಿಸಿದ, ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಗ್ರೀನ್‌ಗಳ ಮೂಲ ಅಂಚನ್ನು ಹುಡುಕುತ್ತಾರೆ. ಆಮೇಲೆ ನೆಟ್ಟ ಮರಗಳನ್ನು ತೆಗೆಯುತ್ತಾರೆ. ಅಮೆರಿಕದ ಪೈನ್‌ಹರ್ಸ್ಟ್‌ನ ಎರಡನೇ ಮೈದಾನದಲ್ಲಿ 2010-11ರಲ್ಲಿ ಸುಮಾರು 35 ಎಕರೆ ನೀರುಣ್ಣುವ ಹುಲ್ಲನ್ನು ಕಿತ್ತು, ಅಲ್ಲಿಯದೇ ಮರಳು, ಒರಟು ಹುಲ್ಲನ್ನು ಮರಳಿ ತಂದರು. ತುಂತುರು ನಳಿಗೆಗಳು 1,150ರಿಂದ 450ಕ್ಕೆ ಇಳಿದವು. 2014ರಲ್ಲಿ ಅಮೆರಿಕದ ಪುರುಷರ ಮತ್ತು ಮಹಿಳೆಯರ ಓಪನ್ ಪಂದ್ಯಾವಳಿಗಳೆರಡೂ ಆ ನೆಲದಲ್ಲೇ ನಡೆದವು. ಆಸ್ಟ್ರೇಲಿಯಾದ ಒಣನಾಡಿನ ಸಣ್ಣ ಊರುಗಳಲ್ಲಿ ಹುಲ್ಲಿನ ಗ್ರೀನ್ ಇಲ್ಲವೇ ಇಲ್ಲ. ಎಣ್ಣೆ ಬೆರೆಸಿದ ಮರಳನ್ನು ಹರವಿ, ಆಡಿದವರೇ ಅದನ್ನು ಎಳೆದು ಸಮ ಮಾಡಿಟ್ಟು ಹೋಗುತ್ತಾರೆ. ಸ್ಕಾಟ್ಲೆಂಡಿನ ಬ್ರೋರಾದಲ್ಲಿ ಕುರಿ, ದನಗಳು ಫೇರ್‌ವೇಯಲ್ಲೇ ಮೇಯುತ್ತಿದ್ದ ಕಾರಣ, ಗ್ರೀನ್‌ಗಳ ಸುತ್ತ ಮಾತ್ರ ವಿದ್ಯುತ್ ತಂತಿ ಕಟ್ಟಿ ಆಟ ನಡೆಸುತ್ತ ಬಂದರು.

ಪ್ರವಾಸೋದ್ಯಮ, ಉದ್ಯೋಗದ ಹೆಸರಿನಲ್ಲಿ ಬಯಲುಸೀಮೆಗೂ ಹಸಿರು ಮೈದಾನ ಬೇಕೆನ್ನುವವರ ವಾದದಲ್ಲಿ ತಿರುಳಿಲ್ಲವೆನ್ನಲಾಗದು. ಕ್ಯಾಡಿಗಳಿಂದ ಮಾಲಿಗಳವರೆಗೆ ನೂರಾರು ಕೈಗಳಿಗೆ ಮೈದಾನ ಕೆಲಸ ಕೊಡುತ್ತದೆ. ಆದರೆ ಗಜೇಂದ್ರಗಡದ ಗುಡ್ಡದಲ್ಲಿ ಕುರಿಗಾರ ಈಗಾಗಲೇ ಗಾಳಿಯಂತ್ರಗಳ ನಡುವೆ ಹಾದಿ ಹುಡುಕುತ್ತಿದ್ದಾನೆ. ಅವನ ಮೇವಿಗೆ ಇನ್ನೊಂದು ಬೇಲಿ ಹಾಕುವ ಯೋಜನೆಯನ್ನು ಈ ನೀರಿನ ಸ್ಥಿತಿಯಲ್ಲಿ ಸಮರ್ಥಿಸುವುದು ಕಷ್ಟ. ಬೆಂಗಳೂರು, ಮೈಸೂರುಗಳ ಮಾತು ಬೇರೆ. ಅಲ್ಲಿ ಸಾರ್ವಜನಿಕ ಜಮೀನಿನ ಗುತ್ತಿಗೆ ನವೀಕರಣಕ್ಕೆ ಬಂದಾಗ, ವಾರಕ್ಕೊಂದು ದಿನ ಊರವರ ಓಡಾಟ, ಸರ್ಕಾರಿ ಶಾಲೆಯ ಮಕ್ಕಳಿಗೆ ತರಬೇತಿ, ಸಂಸ್ಕರಿತ ನೀರು ಬಿಟ್ಟು ಬೇರೆ ನೀರು ಬಳಸಕೂಡದೆಂಬ ಷರತ್ತು, ಇವನ್ನು ಕರಾರಿನಲ್ಲೇ ಬರೆಸಬಹುದು.